ರಸಮೇವು ಗುಂಡಿಯಲ್ಲೋ ಚೀಲದಲ್ಲೋ? ಮಾಡಿದವರು ಹೇಳಿ

ಕೇಳಿದವರು: ನಾಲ್ಕು ಹಸು ಇವೆ. ಮುಸುಕಿನ ಜೋಳ ಹಾಲುಗಾಳು ದಾಟಿದೆ. ರಸಮೇವು, ಅಂದರೆ ಸೈಲೇಜ್ (ಗಾಳಿ ಆಡದಂತೆ ಮುಚ್ಚಿ ಹುಳಿ ಬರಿಸಿದ ಹಸಿ ಮೇವು), ಯಾವುದರಲ್ಲಿ ಮಾಡಲಿ?

ಹಾಸನದ ಹೈನುಗಾರ: ಗುಂಡಿ, ಎರಡು ಮಾತಿಲ್ಲ. ಇಟ್ಟಿಗೆ, ಸಿಮೆಂಟು, ಕೂಲಿ ಸೇರಿ 38,000 ಸುರಿದಿದ್ದೇನೆ. ಟಾರ್ಪಾಲಿನ್ 3,200. ಬೆಲ್ಲ ಬೇರೆ. ಮೇವು ಕತ್ತರಿಸುವವನು ಗಂಟೆಗೆ 1,200 ಅಂದ, ಕೆಲಸ ಮುಗಿದ ಮೇಲೆ ಡೀಸೆಲ್ ನಿಮ್ಮದು ಅಂದ. ತುಂಡು ನೋಡಿದರೆ ಗೇಣುದ್ದ! ನಡುವೆ ಗಾಳಿ ಉಳಿಯದೆ ಇರುತ್ತದಾ? ಟ್ರ್ಯಾಕ್ಟರ್ ಹತ್ತಿಸಿ ತುಳಿಸಿದ್ದಕ್ಕೆ ಬಚಾವ್.

ಚೀಲವೇ ಸೈ: ಗುಂಡಿ ಬಾಯಿ ತೆರೆದ ದಿನದಿಂದ ಗಾಳಿ ಆಡುತ್ತದೆ. ಯೀಸ್ಟ್ ಎದ್ದು ಮೇವು ಬಿಸಿಯಾಗುತ್ತದೆ. ಚೀಲ ಆದರೆ ಒಂದು ಮುಗಿಸಿ ಇನ್ನೊಂದು ಬಿಚ್ಚು. ನನ್ನ ಗೋಳು ಇಲಿಯದ್ದು. 550 ಕೊಟ್ಟ ಚೀಲ, ಬೆರಳು ತೂರದ ತೂತು, ಒಳಗೆ ಮೊಳದುದ್ದ ಕಪ್ಪು ಬೂಷ್ಟು. ಅಂಗಡಿಯವನು ‘ಇಲಿಗೆ ಗ್ಯಾರಂಟಿ ಇಲ್ಲ’ ಅಂತ ನಕ್ಕ.

ಮೈಕ್ರೋಬಯಾಲಜಿ ಮಗಳು: ಜೋಳಕ್ಕೆ ಬೆಲ್ಲ ದಂಡ, ಅದರಲ್ಲೇ ಸಕ್ಕರೆ ಸಾಕಷ್ಟಿದೆ. ನೇಪಿಯರ್ ಹುಲ್ಲಿನ ಕಥೆ ಬೇರೆ. ಬಾಡಿಸದೆ ತುಂಬಿ ಅಂತ ಯಾರೋ ಅಪ್ಪನಿಗೆ ಸಲಹೆ ಕೊಟ್ಟರು. ನೀರು ಜಾಸ್ತಿ, ಸಕ್ಕರೆ ಕಮ್ಮಿ. ಮೇವು ಕೆಡಿಸುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಗೆದ್ದು ಇಡೀ ಗುಂಡಿ ಕೆಟ್ಟ ಬೆಣ್ಣೆಯ ನಾತ, ಹಸು ಮೂಸಿ ಮುಖ ತಿರುಗಿಸಿತು. ಆಮ್ಲಜನಕ ಬಳಸುವ ಕೋಶಕ್ಕೆ ಒಂದು ಗ್ಲುಕೋಸ್‌ನಿಂದ ಸುಮಾರು 30 ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ) ಸಿಗುತ್ತದೆ. ಗಾಳಿಯಿಲ್ಲದೆ ಮೇವು ಹುಳಿ ಮಾಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗೆ ಹೆಚ್ಚೆಂದರೆ 2. ಅದಕ್ಕೇ ಅವು ಸಕ್ಕರೆಯನ್ನು ಗಬಗಬ ಮುಕ್ಕುತ್ತವೆ, ಆಮ್ಲ ಹೊರಗೆ ಹಾಕುತ್ತವೆ. ಪಿಎಚ್ (ಇದು ಇಳಿದಷ್ಟೂ ಹುಳಿ ಹೆಚ್ಚು) 4ರ ಹತ್ತಿರ ಇಳಿದರೆ ಗೆದ್ದಿರಿ.

ಹಾಸನದ ಹೈನುಗಾರ: ನನ್ನ ಬೆಲ್ಲ, ನನ್ನ ದುಡ್ಡು. ಎಟಿಪಿ ಕರೆದು ಡೇರಿಗೆ ಹಾಕಲಾ? ಬ್ಯಾಕ್ಟೀರಿಯಾ ಹುಳಿ ಮಾಡುವುದು ಮೇವು ಕೆಡದಿರಲಿ ಅಂತ, ಅಷ್ಟೇ.

ಮೈಕ್ರೋಬಯಾಲಜಿ ಮಗಳು: ನಿಮ್ಮ ಮೇವಿನ ಚಿಂತೆ ಅವಕ್ಕೆ ಯಾಕೆ? ಸಕ್ಕರೆ ಒಡೆದಾಗ ಸಿಗುವ ಪೈರುವೇಟನ್ನು ಲ್ಯಾಕ್ಟಿಕ್ ಆಮ್ಲ ಮಾಡಿದರೆ ಎನ್‌ಎಡಿ (ಸಕ್ಕರೆ ಒಡೆಯಲು ಬೇಕಾದ ಸಹಾಯಕ ಅಣು) ವಾಪಸ್ ಬರುತ್ತದೆ. ಅದಿಲ್ಲದಿದ್ದರೆ ಆ 2 ಎಟಿಪಿಯೂ ಇಲ್ಲ.

ಕಬಡ್ಡಿ ಕೋಚ್: ಮಾರನೇ ದಿನ ತೊಡೆ ಹಿಡಿಯುವುದೂ ಇದೇ ಆಸಿಡ್‌ನಿಂದ ಅಲ್ವಾ?

ಮೈಕ್ರೋಬಯಾಲಜಿ ಮಗಳು: ಅಲ್ಲ. ಆಟ ಮುಗಿದ ಒಂದೆರಡು ಗಂಟೆಯಲ್ಲಿ ಅದು ಖಾಲಿ. ಮಾರನೇ ದಿನದ್ದು ಸ್ನಾಯುವಿನ ಎಳೆಗೆ ಬಿದ್ದ ಪೆಟ್ಟು.

ಕಬಡ್ಡಿ ಕೋಚ್: ಹುಡುಗರನ್ನು ಆಡಿಸಿಯೇ ತಲೆ ಬೆಳ್ಳಗಾಗಿದೆ. ನನಗೇ ಪಾಠನಾ?

ಚೀಲವೇ ಸೈ: ಸಾರ್, ಇಲ್ಲಿ ಹಸು ವಿಷಯ ನಡೀತಿದೆ.

ಕೇಳಿದವರು: ಇಲಿಗೆ ಏನು ಮಾಡಿದಿರಿ?

ಹಾಸನದ ಹೈನುಗಾರ: ಗುಂಡಿ ಮಾಡಿ, ಇಲಿ ಮಾತೇ ಬರುವುದಿಲ್ಲ.

ಚೀಲವೇ ಸೈ: ಹೌದಾ? ಟಾರ್ಪಾಲಿನ್ ಎತ್ತಿ ನೋಡಿ ಒಂದ್ಸಲ.