ಅಜ್ಜನ ಪಕ್ಕ ನಿಂತಿರುವ ಈ ಇಬ್ಬರು ಸೈನಿಕರು ಯಾರಿರಬಹುದು?

ಮಾಲೂರಿನ ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ಎಂಜಿನಿಯರಿಂಗ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಅವರು ತೀರಿಕೊಂಡಾಗ ನನಗೆ ಆರು ವರ್ಷ. ಏನೂ ಕೇಳಿ ತಿಳಿದುಕೊಳ್ಳಲಿಲ್ಲ. ಹೋದ ತಿಂಗಳು ಅಜ್ಜಿಯ ಟ್ರಂಕ್ ಖಾಲಿ ಮಾಡುವಾಗ ಧಾರೆ ಸೀರೆಯ ಮಡಿಕೆಯಲ್ಲಿ ಒಂದು ಫೋಟೋ ಸಿಕ್ಕಿತು. ಪೋಸ್ಟ್‌ಕಾರ್ಡ್ ಅಳತೆಯದು.

ಮೂವರಿದ್ದಾರೆ. ಕುರ್ಚಿಯಲ್ಲಿ ಕೂತವರು ಅಜ್ಜ. ಆ ಅಗಲ ಕಿವಿ ಅಪ್ಪನಿಗೂ ಇತ್ತು, ನನ್ನ ಮಗನಿಗೂ ಬಂದಿದೆ. ಎಡಗಡೆ ನಿಂತವರ ತೋಳಲ್ಲಿ ಒಂದು ಪಟ್ಟಿ ಇದೆ. ಬಲಗಡೆಯ ಹುಡುಗ ಅಜ್ಜನ ಹೆಗಲ ಮೇಲೆ ಕೈ ಇಟ್ಟಿದ್ದಾನೆ. ಅವನಿಗೆ ಮೀಸೆ ಕೂಡ ಸರಿಯಾಗಿ ಬಂದಿಲ್ಲ.

ಮೂವರ ತೋಳಿನ ಮೇಲೂ ಚೌಕಾಕಾರದ ಒಂದು ಬಟ್ಟೆ ತುಂಡು ಹೊಲಿದಿದೆ. ಪೂರ್ತಿ ಕಪ್ಪು, ಒಳಗೆ ಏನೂ ಕಾಣುವುದಿಲ್ಲ. ಫೋಟೋದ ಬೆನ್ನಿಗೆ ಕೈರೋದ ಸ್ಟುಡಿಯೋ ಮುದ್ರೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಏನೋ ಬರೆದಿದೆ. ಅಕ್ಷರ ಇಂಗ್ಲಿಷಿನದು, ಮಾತು ಇಂಗ್ಲಿಷ್ ಅಲ್ಲ. ಸಿ, ಎಚ್, ಯು, ಟಿ, ಟಿ, ಐ ಅಂತ ಶುರುವಾಗುತ್ತದೆ, ಮುಂದಿನದು ಅಳಿಸಿಹೋಗಿದೆ. ಇದು ಊರಿನ ಹೆಸರಾ, ಮನುಷ್ಯರ ಹೆಸರಾ?

"ಇವರಲ್ಲಿ ಒಬ್ಬ ವಾಪಸ್ ಬರಲಿಲ್ಲ" ಅಂತ ಅಜ್ಜಿ ಒಮ್ಮೆ ಅತ್ತೆಗೆ ಹೇಳಿದ್ದರಂತೆ. ಯಾರು ಅಂತ ಅತ್ತೆಗೆ ನೆನಪಿಲ್ಲ. ಆ ಮನೆಯವರ ಹತ್ತಿರ ಅವನ ಒಂದು ಫೋಟೋ ಕೂಡ ಇಲ್ಲದಿರಬಹುದು, ಅಲ್ವಾ? ಹೇಗಾದರೂ ಮಾಡಿ ಒಂದು ಪ್ರತಿಯನ್ನು ಅವರಿಗೆ ಮುಟ್ಟಿಸಬೇಕು. ಎಲ್ಲಿಂದ ಶುರು ಮಾಡಲಿ?

ಹಳೇ ಆಲ್ಬಮ್:

ಅಕ್ಕ, ನೀವು ಹಾಕಿದ ಚಿತ್ರವನ್ನು ನನ್ನ ಮೊಬೈಲಿನ ಎಐ ಆ್ಯಪ್‌ನಲ್ಲಿ ಸ್ಪಷ್ಟ ಮಾಡಿ ನೋಡಿದೆ. ಕಪ್ಪು ಚೌಕದಲ್ಲಿ ನಕ್ಷತ್ರ ಇರುವ ಹಾಗೆ ಕಾಣುತ್ತಿದೆ. ಉಪಯೋಗವಾಗಬಹುದು.

ಹಲಸೂರಿನ ನಿವೃತ್ತ ಸ್ಯಾಪರ್:

ತಮ್ಮಾ, ಒಳ್ಳೇ ಮನಸ್ಸಿಂದ ಮಾಡಿದ್ದೀಯ. ಆದರೆ ಆ ನಕ್ಷತ್ರ ಮೂಲ ಫೋಟೋದಲ್ಲಿ ಇಲ್ಲ. ಮಸುಕಾದ ಕಡೆ ಆ್ಯಪ್ ತಾನೇ ಊಹಿಸಿ ಬರೆಯುತ್ತದೆ. ಹಾಗೆ ಬರೆದದ್ದನ್ನು ನಂಬಿ ಬೇರೆ ಪಲ್ಟನ್ ಹುಡುಕಿಕೊಂಡು ಹೋದವರನ್ನು ನೋಡಿದ್ದೇನೆ.

ತಾಯಿ, ಮೊದಲು ಆ ಪೆನ್ಸಿಲ್ ಬರಹ. ಅದು ಹೆಸರಲ್ಲ, 'ಛುಟ್ಟಿ'. ಅಂದರೆ ರಜೆ. ಆಗ ಸೇನೆಯಲ್ಲಿ ಹಿಂದೂಸ್ತಾನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಢಿ ಇತ್ತು, ರೋಮನ್ ಉರ್ದು ಅಂತಿದ್ದರು. ರಜೆ ಸಿಕ್ಕಾಗ ಮೂವರೂ ಕೈರೋಗೆ ಹೋಗಿ ತೆಗೆಸಿಕೊಂಡ ಫೋಟೋ ಇರಬೇಕು.

ಇನ್ನು ಆ ಕಪ್ಪು ಚೌಕ. ಅದು ಡಿವಿಷನ್ನಿನ ಗುರುತು, ಡಿವಿಷನ್ ಅಂದರೆ ಹಲವು ಪಲ್ಟನ್ ಸೇರಿದ ದೊಡ್ಡ ಪಡೆ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಹಳೇ ಕಾಲದ ಒಂದು ಬಗೆಯ ಫಿಲ್ಮ್ ಕೆಂಪು ಬಣ್ಣವನ್ನು ಹಿಡಿಯುತ್ತಿರಲಿಲ್ಲ, ಆರ್ಥೋಕ್ರೊಮ್ಯಾಟಿಕ್ ಅಂತಾರೆ. ಅದರಲ್ಲಿ ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ಹಾಗಾಗಿ ಕಪ್ಪು ಬಟ್ಟೆಯ ಮೇಲೆ ಕೆಂಪು ಗುರುತಿದ್ದರೆ ಅದು ಮುಳುಗಿಹೋಗುತ್ತದೆ. ಅಂಥ ಗುರುತು ಇದ್ದದ್ದು 4ನೇ ಇಂಡಿಯನ್ ಡಿವಿಷನ್ನಿಗೆ: ಕೆಂಪು ಹದ್ದು. 5ನೇ ಡಿವಿಷನ್ನಿಗೂ ಇತ್ತು: ಕೆಂಪು ಚೆಂಡು. ಎರಡೂ 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟದಲ್ಲಿ ಜೊತೆಗೇ ಕಾದಿದವು, ಆಮೇಲೆ ಈಜಿಪ್ಟ್ ಕಡೆ ಬಂದವು. ನಂತರ ದಾರಿ ಬೇರೆಯಾಯಿತು. ಹದ್ದಿನವರು ಟ್ಯುನೀಷಿಯಾ ಮುಗಿಸಿ 1944ರಲ್ಲಿ ಇಟಲಿಯ ಕಸ್ಸೀನೋದಲ್ಲಿದ್ದರು. ಚೆಂಡಿನವರು ಹಿಂದಿರುಗಿ ಅರಕಾನ್, ಇಂಫಾಲ್, ಬರ್ಮಾ ಅಂತ ಹೋದರು. ವಾಪಸ್ ಬಾರದ ಹುಡುಗನನ್ನು ಯಾವ ದೇಶದಲ್ಲಿ ಹುಡುಕಬೇಕು ಅನ್ನೋದು ಆ ಚೌಕದ ಮೇಲೆ ನಿಂತಿದೆ.

ಫೋಟೋವನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿದು ನೋಡಿ. ಬೆನ್ನು, ಅಂಚು ಎಲ್ಲ ಸೇರಿಸಿ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ನೆರಳಿನ ಭಾಗವನ್ನು ಮಾತ್ರ ಸ್ವಲ್ಪ ತಿಳಿ ಮಾಡಿ. ಪೆನ್ಸಿಲ್ ಬರಹದ ಮೇಲೆ ದಯವಿಟ್ಟು ತಿದ್ದಬೇಡಿ.

ಒಂದು ಪಟ್ಟಿ ಅಂದರೆ ಲ್ಯಾನ್ಸ್ ನಾಯಕ್. ಪಟ್ಟಿ ಇಲ್ಲದ ಹುಡುಗ ಸ್ಯಾಪರ್, ಅಂದರೆ ಬಡ್ತಿ ಇಲ್ಲದ ಸಾಮಾನ್ಯ ಸೈನಿಕ. ಆದರೆ ಆಮೇಲೆ ಬಡ್ತಿ ಸಿಕ್ಕಿರಬಹುದು, ಹುಡುಕುವಾಗ ಬರೀ ದರ್ಜೆ ನಂಬಬೇಡಿ. ಎದೆಯ ಮೇಲೆ ಪದಕದ ರಿಬ್ಬನ್ ಇದೆಯಾ? ಉತ್ತರ ಆಫ್ರಿಕಾದ ಯುದ್ಧದಲ್ಲಿದ್ದವರಿಗೆ ಕೊಟ್ಟ ಆಫ್ರಿಕಾ ಸ್ಟಾರ್ ಪದಕ ಘೋಷಣೆಯಾದದ್ದೇ 1943ರಲ್ಲಿ.

ಮಾಲೂರಿನ ಮೊಮ್ಮಗಳು:

ಸರ್, ಕೈ ನಡುಗುತ್ತಿದೆ. ಬೆಳಗ್ಗೆ ಏಳೂವರೆ ಬಿಸಿಲಿಗೆ ಹಿಡಿದೆ. ಅಜ್ಜನ ತೋಳಲ್ಲಿ ಏನೂ ಕಾಣಲಿಲ್ಲ. ಆ ಹುಡುಗನ ತೋಳಲ್ಲಿ ರೆಕ್ಕೆ ಇದೆ. ಎರಡು ರೆಕ್ಕೆ, ಹರಡಿಕೊಂಡಿವೆ. ಸ್ಕ್ಯಾನ್‌ನಲ್ಲೂ ಬಂದಿದೆ, ಹಾಕಿದ್ದೇನೆ ನೋಡಿ. ಎದೆಯ ಮೇಲೆ ಯಾರಿಗೂ ರಿಬ್ಬನ್ ಇಲ್ಲ.

ಹಲಸೂರಿನ ನಿವೃತ್ತ ಸ್ಯಾಪರ್:

ನೋಡಿದೆ. ಹದ್ದೇ. ಆ ಡಿವಿಷನ್ನಿನಲ್ಲಿ ನಮ್ಮ ಮದ್ರಾಸ್ ಸ್ಯಾಪರ್ಸ್‌ನ 12ನೇ ಫೀಲ್ಡ್ ಕಂಪನಿ ಇತ್ತು. ಅಜ್ಜನ ಡಿಸ್ಚಾರ್ಜ್ ಕಾಗದ ಇದ್ದರೆ ಕಂಪನಿ ನಂಬರ್ ಹುಡುಕಿ. ರಿಬ್ಬನ್ ಇಲ್ಲ ಅಂದರೆ 1943ಕ್ಕೆ ಮುಂಚಿನದು ಇರಬಹುದು, ಆದರೆ ಅದೊಂದರಿಂದಲೇ ತೀರ್ಮಾನ ಬೇಡ.

ಇನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ (ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆ) ಪಟ್ಟಿ ನೋಡಿ. ಅದರಲ್ಲಿ ಸತ್ತವರ ಹೆಸರು ಮಾತ್ರ ಇರುತ್ತದೆ, ಬದುಕಿ ಬಂದವರದು ಇರೋಲ್ಲ. ನಮ್ಮವರ ಹೆಸರಿನ ಜೊತೆ ಎಷ್ಟೋ ಕಡೆ ತಂದೆ ಹೆಸರು, ಹೆಂಡತಿ ಹೆಸರು, ಊರು, ಜಿಲ್ಲೆ ಕೂಡ ಬರೆದಿರುತ್ತಾರೆ. ಸಮಾಧಿ ಕಲ್ಲಷ್ಟೇ ಹುಡುಕಬೇಡಿ. ದಹನ ಮಾಡಿದವರ ಹೆಸರನ್ನು ಬೇರೆ ಸ್ಮಾರಕದಲ್ಲಿ ಕೆತ್ತಿದ್ದಾರೆ. ಈಜಿಪ್ಟಿನ ಅಲಮೇನ್‌ನ ದಹನ ಸ್ಮಾರಕ ಒಂದರಲ್ಲೇ 600ಕ್ಕೂ ಜಾಸ್ತಿ ಜನರ ಹೆಸರಿದೆ.

ಮಾಲೂರಿನ ಮೊಮ್ಮಗಳು:

ಮೂರು ರಾತ್ರಿ ಕೂತು ನೋಡಿದೆ ಸರ್. ಅಜ್ಜನ ಕಾಗದದಲ್ಲಿ 12 ಅಂತಲೇ ಇದೆ. ಪಟ್ಟಿಯಲ್ಲಿ ನಮ್ಮ ಕೋಲಾರ ಕಡೆಯ ಒಂದು ಹೆಸರು ಸಿಕ್ಕಿದೆ. ನಮ್ಮೂರಿಂದ ಬಸ್ಸಲ್ಲಿ ಒಂದು ಗಂಟೆ ದಾರಿ. ಖಾತ್ರಿ ಆಗುವ ತನಕ ಇಲ್ಲಿ ಹೆಸರು ಬರೆಯೋಲ್ಲ. ಭಾನುವಾರ ಅತ್ತೆ, ನಾನು ಹೊರಟಿದ್ದೇವೆ. ಏನಂತ ಕೇಳಲಿ?

ಹಲಸೂರಿನ ನಿವೃತ್ತ ಸ್ಯಾಪರ್:

"ಇವನೇನಾ ನಿಮ್ಮವನು?" ಅಂತ ಮಾತ್ರ ಕೇಳಬೇಡಿ ತಾಯಿ. ಹಾಗೆ ಕೇಳಿದರೆ ಎಂಬತ್ತು ವರ್ಷ ಕಾದ ಮನೆಯವರು ಹೌದು ಅಂದುಬಿಡುತ್ತಾರೆ. ಬೆರಳು ತೋರಿಸಬೇಡಿ, ತೋಳಿನ ಪಟ್ಟಿಯ ವಿಷಯ ಹೇಳಬೇಡಿ. ಮನೆಯಲ್ಲಿ ಹಿರಿಯರು ಯಾರಿದ್ದಾರೋ ಅವರ ಕೈಗೆ ಫೋಟೋ ಕೊಟ್ಟು ಸುಮ್ನೆ ಕೂತುಕೊಳ್ಳಿ. ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ, ವಯಸ್ಸಾದವರಿಗೆ ಪೋಸ್ಟ್‌ಕಾರ್ಡಿನ ಮುಖ ಕಾಣೋಲ್ಲ.