ಅಪ್‌ಡೇಟ್: ಅಂಬಾಸಿಡರ್ ರೇಡಿಯೇಟರ್ ರಿಪೇರಿ ಆಯ್ತು

ಅಪ್ಪನ ಹಳೆ ಅಂಬಾಸಿಡರ್‌ನ ರೇಡಿಯೇಟರ್ ಸೋರುತ್ತಿದೆ, ರಿಪೇರಿ ಮಾಡಿಸಲಾ, ಹೊಸ ಅಲ್ಯೂಮಿನಿಯಂದು ಹಾಕಿಸಲಾ ಅಂತ ಕೇಳಿದ್ದೆ. ಇಲ್ಲೇ ಕಲಬುರಗಿಯಲ್ಲಿ ರಿಪೇರಿಯನ್ನೇ ಮಾಡಿಸಿದೆ.

ಇದು ತಾಮ್ರ, ಹಿತ್ತಾಳೆಯದು. ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಮೇಲಿನ ಟ್ಯಾಂಕ್ ಬಿಚ್ಚಿದರೆ ಕೊಳವೆಗಳ ತುಂಬ ಸುಣ್ಣದಂಥ ಬಿಳಿ ಪದರ. ಬೋರಿನ ಗಡಸು ನೀರಿನ ಕೆಲಸ. "ತೂತು ಮುಚ್ಚಿದ್ರ ಸಾಲಂಗಿಲ್ರಿ, ಕೋರ್ ಬದ್ಲಿ ಮಾಡ್ರಿ" ಅಂದರು ಮಿಸ್ತ್ರಿ. ಕೋರ್ ಅಂದರೆ ಎರಡು ಟ್ಯಾಂಕ್‌ಗಳ ನಡುವೆ ನೀರು ಹರಿಯುವ ಕೊಳವೆಗಳ ಭಾಗ. ಹಳೆ ಟ್ಯಾಂಕ್‌ಗಳನ್ನೇ ಉಳಿಸಿಕೊಂಡು ಹೊಸ ತಾಮ್ರದ ಕೋರ್ ಕೂರಿಸಿದರು. ಗಾಳಿ ತುಂಬಿ ನೀರಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಬರಲಿಲ್ಲ. ಎಷ್ಟು ಸಮಾಧಾನ ಆಯ್ತು!

ಕ್ಯಾಪ್ ಕೂಡ ಹೊಸದು. ಅದು ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ. ಈಗ ಕೂಲಂಟ್, ಡಿಸ್ಟಿಲ್ಡ್ ವಾಟರ್ ಅರ್ಧರ್ಧ. 40 ಡಿಗ್ರಿ ಬಿಸಿಲಲ್ಲಿ ಹುಮನಾಬಾದ್‌ವರೆಗೆ ಓಡಿಸಿದೆ, ಟೆಂಪರೇಚರ್ ಮುಳ್ಳು ಮೇಲೇರಲಿಲ್ಲ. ಕ್ಯಾಪ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.