ಲಿನಕ್ಸ್ ಕರ್ನಲ್ ಕೆಲಸ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ಮೂರು ವರ್ಷದಿಂದ ಡ್ರೈವರ್ ಕೋಡ್ (ಹಾರ್ಡ್‌ವೇರ್ ನಡೆಸುವ ಕೋಡ್) ಬರೆಯುತ್ತಿದ್ದೇನೆ. ಲಿನಕ್ಸ್ ಕರ್ನಲ್‌ಗೆ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಕೈಜೋಡಿಸುವ ಆಸೆ. ಅದನ್ನು ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ನಡೆದ ದಾರಿಯಿಂದ ನಮ್ಮಂಥವರು ಕಲಿಯುವುದೇನಾದರೂ ಇದೆಯಾ?

ಉತ್ತರ 1:
ಖಂಡಿತ ಇದೆ. 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುವಾಗ ತಮ್ಮ 386 ಚಿಪ್‌ನ ಪಿಸಿಗೆ ಅಂತ ಕರ್ನಲ್ ಶುರು ಮಾಡಿದರು. ಅದು ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಇಷ್ಟ 2005ರ ಕಥೆ. ಕರ್ನಲ್ ಕೋಡ್‌ನ ಬದಲಾವಣೆಗಳ ಲೆಕ್ಕ ಇಡಲು ಬಳಸುತ್ತಿದ್ದ ಬಿಟ್‌ಕೀಪರ್ ತಂತ್ರಾಂಶ ಪುಕ್ಕಟೆ ಸಿಗುವುದು ನಿಂತಿತು. ಏಪ್ರಿಲ್‌ನಲ್ಲಿ ಅದೇ ಕೆಲಸಕ್ಕೆ ಗಿಟ್ ಬರೆಯಲು ಕೂತರು. ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಟ್ಟರು. ಜುಲೈನಲ್ಲಿ ಅದರ ಹೊಣೆಯನ್ನು ಜುನಿಯೋ ಹಮಾನೋ ಅವರಿಗೆ ಒಪ್ಪಿಸಿ ಕರ್ನಲ್‌ಗೆ ಮರಳಿದರು. ತಾನು ಕಟ್ಟಿದ್ದನ್ನು ಹಾಗೆ ಬಿಟ್ಟುಕೊಡುವುದು ಸುಮ್ನೆ ಮಾತಲ್ಲ, ಅಲ್ವಾ?

ಉತ್ತರ 2:
ನನ್ನ ಮೊದಲ ಪ್ಯಾಚ್ (ಕಳಿಸುವ ಕೋಡ್ ತಿದ್ದುಪಡಿ) ಎರಡೇ ಸಾಲು. ಟ್ಯಾಬ್ ಇರಬೇಕಾದ ಕಡೆ ಸ್ಪೇಸ್ ಇತ್ತು, ವಾಪಸ್ ಬಂತು. ಕಳಿಸುವ ಮೊದಲು ಇಂಥ ತಪ್ಪು ಹಿಡಿಯುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಓಡಿಸಿ. ಯಾರಿಗೆ ಕಳಿಸಬೇಕು ಅಂತ ಗೆಟ್ ಮೇಂಟೇನರ್ ಸ್ಕ್ರಿಪ್ಟ್ ತೋರಿಸುತ್ತದೆ. ಪ್ಯಾಚ್‌ನ ವಿವರಣೆಯ ಕೊನೆಯಲ್ಲಿ 'ಸೈನ್ಡ್ ಆಫ್ ಬೈ' ಸಾಲು (ಈ ಕೋಡ್ ಕಳಿಸುವ ಹಕ್ಕು ನನಗಿದೆ ಅನ್ನುವ ಸಹಿ) ಮರೆಯಬೇಡಿ. ಮೂರನೇ ಸಲ ನನ್ನದು ಸೇರಿತು. ಅವತ್ತು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ಕೇಳಿದವರು:
ತುಂಬಾ ಥ್ಯಾಂಕ್ಸ್. ನಮ್ಮ ಡ್ರೈವರ್‌ನಲ್ಲೇ ಒಂದು ಮೆಮೊರಿ ಲೀಕ್ (ಪಡೆದ ಮೆಮೊರಿಯನ್ನು ವಾಪಸ್ ಬಿಡದ ದೋಷ) ಕಣ್ಣಿಗೆ ಬಿದ್ದಿದೆ. ಶನಿವಾರ ಅದರಿಂದಲೇ ಶುರು ಮಾಡುತ್ತೇನೆ.